ನಿತ್ಯಜೀವನದಲ್ಲಿ ಪ್ರತಿಭೆ: ತುಮಕೂರು, ಗುಬ್ಬಿ, ಕುಣಿಗಲು ಸೀಮೆಗಳ ಕೆಲವು ನಿದರ್ಶನಗಳು

೧

ನಮ್ಮ ಆಲಂಕಾರಿಕರು ಪ್ರತಿಭೆಯೆಂಬ ಶಕ್ತಿಯನ್ನು ಕುರಿತು ಬಹು ಸೂಕ್ಷ್ಮವಾಗಿ ವಿಚಾರಮಾಡಿರುವರು. ಆದರೆ ಅವರ ವಿಚಾರವೆಲ್ಲವೂ ಕವಿಯನ್ನು ಮುಂದಿಟ್ಟುಕೊಂಡು ನಡೆದುದು. ಹೊಸದನ್ನು ಕಾಣುವ ಮತ್ತು ಕಂಡುದನ್ನು ರೂಪಕ್ಕೆ ತರುವ ಈ ಶಕ್ತಿಯು ಕಾವ್ಯದ ಹೊರಗೆ, ಕೆರೆಯ ಏರಿಯ ಮೇಲೆ, ಬೀಸುವ ಕಲ್ಲಿನ ಮುಂದೆ, ಬಡಗಿಯ ಕೊಟ್ಟಿಗೆಯಲ್ಲಿ, ಸಂತೆಯ ಬಯಲಿನಲ್ಲಿ ಹೇಗೆ ಕೆಲಸಮಾಡುತ್ತದೆಂಬುದನ್ನು ಅವರು ಪ್ರತ್ಯೇಕವಾಗಿ ಎತ್ತಿಕೊಳ್ಳಲಿಲ್ಲ. ಇತಿಹಾಸವನ್ನು ಬರೆಯುವವರೂ ಇದೇ ಮಾರ್ಗವನ್ನು ಅನುಸರಿಸಿರುವುದುಂಟು. ದೇವಾಲಯವನ್ನು ಕಂಡರೆ ಕಟ್ಟಿಸಿದ ಅರಸನನ್ನೂ, ಗ್ರಂಥವನ್ನು ಕಂಡರೆ ಕರ್ತೃವನ್ನೂ ಹುಡುಕುವರು. ಅರಸನೂ ಕರ್ತೃವೂ ದೊರೆಯದ ಕಡೆಯಲ್ಲಿ ಅಲ್ಲಿ ಪ್ರತಿಭೆಯೇ ಇರಲಿಲ್ಲವೆಂಬಂತೆ ಮುಂದಕ್ಕೆ ಸಾಗುವರು.

ಪ್ರತಿಭೆಯು ಕೆಲವರಿಗೆ ಮಾತ್ರ ದೈವವು ಕೊಟ್ಟ ವರವಾಗಿದ್ದು, ಉಳಿದವರ ಬಾಳಿಗೆ ಅದು ಆಭರಣದಂತೆ ಹೊರಗಿನ ವಸ್ತುವೇ? ಅಥವಾ ನಿತ್ಯದ ದುಡಿಮೆಯೊಳಗೇ ಸೇರಿಕೊಂಡು, ಆ ದುಡಿಮೆಯನ್ನು ಸಹ್ಯವನ್ನಾಗಿಯೂ ಸ್ವಂತದ್ದನ್ನಾಗಿಯೂ ಮಾಡುವ ಅಂತಶ್ಶಕ್ತಿಯೇ? ಈ ಪ್ರಶ್ನೆಗೆ ತತ್ತ್ವದ ಮಾತಿನಿಂದ ಉತ್ತರ ಹೇಳುವುದಕ್ಕಿಂತ ಒಂದು ಪ್ರದೇಶದ ಚರಿತ್ರೆಯನ್ನು ಪರಿಶೀಲಿಸಿ ಉತ್ತರ ಪಡೆಯುವುದು ಲೇಸೆಂದು ತೋರುತ್ತದೆ. ಅದಕ್ಕಾಗಿ ತುಮಕೂರು ನಗರ, ಅದರ ದಕ್ಷಿಣಕ್ಕೆ ಕುಣಿಗಲಿನವರೆಗೆ ಹೋಗುವ ದಾರಿ, ಪಶ್ಚಿಮಕ್ಕೆ ಸುಮಾರು ೨೦ ಕಿಲೋಮೀಟರುಗಳ ದೂರದಲ್ಲಿರುವ ಗುಬ್ಬಿ, ಇಷ್ಟನ್ನು ಮಾತ್ರ ಇಲ್ಲಿ ಆರಿಸಿಕೊಳ್ಳಲಾಗಿದೆ. ಇದು ರಾಜಧಾನಿಗಳ ಸೀಮೆಯಲ್ಲ. ರಾಗಿಯ ಹೊಲ, ತೆಂಗಿನ ತೋಟ, ಕೆರೆ, ಸಂತೆ ಇವುಗಳ ಸೀಮೆ. ಆದುದರಿಂದಲೇ ನಮ್ಮ ಪ್ರಶ್ನೆಗೆ ತಕ್ಕ ಭೂಮಿಯಾಗಿದೆ.

೨

ತುಮಕೂರಿನಿಂದ ಕುಣಿಗಲಿಗೆ ಹೋಗುವ ದಾರಿಯಲ್ಲಿ, ಗೂಳೂರಿನ ಬಳಿ ಕೈದಾಳವೆಂಬ ಗ್ರಾಮವುಂಟು. ಜಕಣಾಚಾರಿಯ ಜನ್ಮಸ್ಥಳವೆಂದು ಈ ಊರು ಪ್ರಸಿದ್ಧವಾಗಿದೆ. ಐತಿಹ್ಯವು ವಾಚಕರಿಗೆ ತಿಳಿದುದೇ. ಮನೆಯನ್ನು ಬಿಟ್ಟುಹೋದ ಶಿಲ್ಪಿಯು ಬೇಲೂರಿನಲ್ಲಿ ಕೆತ್ತಿದ ವಿಗ್ರಹದಲ್ಲಿ ದೋಷವಿದೆಯೆಂದು ತರುಣನೊಬ್ಬನು ಹೇಳುವನು. ಮೂರ್ತಿಗೆ ಬಳಿದ ಗಂಧವು ಎಲ್ಲೆಡೆಯೂ ಒಣಗಿ ನಾಭಿಯಲ್ಲಿ ಮಾತ್ರ ಹಸಿಯಾಗಿ ಉಳಿಯುವುದು. ಅಲ್ಲಿ ಉಳಿಯನ್ನಿಡಲು ಕಲ್ಲಿನೊಳಗಣ ಪೊಟರೆಯಿಂದ ಕಪ್ಪೆಯೂ ನೀರೂ ಹೊರಬೀಳುವುವು. ಶಿಲ್ಪಿಯು ತನ್ನ ಬಲಗೈಯನ್ನು ಕಡಿದುಕೊಳ್ಳುವನು. ಆ ತರುಣನು ತನ್ನ ಮಗನಾದ ಡಂಕಣನೇ ಎಂದು ಅನಂತರ ತಿಳಿಯುವುದು. ಸ್ವಂತ ಊರಿನಲ್ಲಿ ಕೇಶವನ ಗುಡಿಯನ್ನು ಕಟ್ಟಿದ ಮೇಲೆ ಕೈ ಮರಳಿ ಬಂದಿತೆಂದೂ ಅದರಿಂದ ಊರಿಗೆ ಈ ಹೆಸರಾಯಿತೆಂದೂ ಜನರು ಹೇಳುವರು.

ಶಾಸನವು ಹೇಳುವ ಕಥೆ ಬೇರೆ. ಬಿ. ಎಲ್. ರೈಸರು ೧೯೦೪ರಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಶಾಸನಸಂಪುಟದಿಂದ ಬೆಳಕಿಗೆ ಬಂದ ಕೈದಾಳದ ಶಾಸನವು ಹೊಯ್ಸಳ ಒಂದನೆಯ ನರಸಿಂಹನ ಕಾಲದ್ದು, ಕ್ರಿ. ಶ. ೧೧೫೦-೫೧ಕ್ಕೆ ಸೇರಿದ್ದು. ಸಾಮಂತ ಬಾಚಿಯೆಂಬವನು ಇಲ್ಲಿ ದೇವಾಲಯಗಳನ್ನು ಕಟ್ಟಿಸಿದನೆಂದು ಅದರಿಂದ ತಿಳಿದುಬರುತ್ತದೆ. ಅವನು ಶೈವ, ವೈಷ್ಣವ, ಜೈನ ಎಂಬ ಭೇದವನ್ನೆಣಿಸದೆ ಗುಡಿಗಳನ್ನೂ ಬಸದಿಯನ್ನೂ ಮಾಡಿಸಿದವನು. ಹೊಯ್ಸಳ ದೇವಾಲಯಗಳ ಮೇಲೆ ಶಿಲ್ಪಿಗಳು ತಮ್ಮ ಹೆಸರುಗಳನ್ನು ಧಾರಾಳವಾಗಿ ಕೆತ್ತಿರುವರು. ಕ್ರಿ. ಶ. ೧೧೧೭ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳಿವೆ. ಹದಿಮೂರನೆಯ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮ, ಮಸಣಿತಮ್ಮ, ಚಾಮೆಯ, ರಾಮೆಯ ಮೊದಲಾದವರು ಕಾಣಿಸಿಕೊಳ್ಳುವರು. ಇಷ್ಟು ಹೆಸರುಗಳ ನಡುವೆ ಜಕಣಾಚಾರಿಯೆಂಬ ಹೆಸರು ಮಾತ್ರ ಬೇಲೂರಿನಲ್ಲಾಗಲಿ ಸೋಮನಾಥಪುರದಲ್ಲಾಗಲಿ ಕಾಣುವುದಿಲ್ಲ.

ಐತಿಹ್ಯವು ಸುಳ್ಳೆಂದು ತಳ್ಳಿಬಿಟ್ಟರೆ ಚರಿತ್ರಕಾರನ ಕೆಲಸವು ಮುಗಿಯಿತೆಂದು ಭಾವಿಸಬಾರದು. ಜನರು ನೂರಾರು ಕೈಗಳ ಕೆಲಸವನ್ನು ಒಬ್ಬನ ಹೆಸರಿನಲ್ಲಿ ಏಕೆ ಕೂಡಿಸಿಟ್ಟರು? ದೊಡ್ಡ ಕೆಲಸಕ್ಕೆ ದೊಡ್ಡವನೊಬ್ಬನು ಬೇಕೆಂಬ ಮನಸ್ಸಿನ ಒಲವು ಇದಕ್ಕೆ ಕಾರಣವೆಂದು ತೋರುತ್ತದೆ. ಆದರೂ ಆ ಕಥೆಯ ತಿರುಳಿನಲ್ಲಿಯೇ ಅದರ ತಿದ್ದುಪಡಿಯೂ ಅಡಗಿದೆ. ದೋಷವನ್ನು ಕಂಡವನು ಹೆಸರಿಲ್ಲದೆ ಬಂದ ಹುಡುಗ. ಮಹಾಶಿಲ್ಪಿಯ ಕಣ್ಣಿಗೆ ಬೀಳದುದು ಅವನ ಕಣ್ಣಿಗೆ ಬಿದ್ದಿತು. ಕಲ್ಲನ್ನು ತಟ್ಟಿ ಅದರ ದನಿಯಿಂದ ಒಳಗನ್ನು ಅರಿಯುವುದು ಕಲ್ಲುಕುಟಿಗರ ಮನೆಗಳಲ್ಲಿ ಮಕ್ಕಳು ದಿನದಿನವೂ ನೋಡಿ ಕಲಿಯುವ ವಿದ್ಯೆ. ಹಾಗಾದರೆ ಈ ಕಥೆಯು ಒಬ್ಬ ಪ್ರತಿಭಾವಂತನ ಸ್ತುತಿಯಂತೆ ಕಂಡರೂ, ಮನೆತನದ ನಿತ್ಯಾಭ್ಯಾಸದಲ್ಲಿ ಬೆಳೆದ ಕಣ್ಣಿಗೇ ಅದರಲ್ಲಿ ಜಯವು ದೊರೆತಿದೆ. ಬೇಲೂರಿನ ತಂದೆಮಕ್ಕಳ ಹೆಸರುಗಳೂ ಇದೇ ಅಭಿಪ್ರಾಯವನ್ನು ಬೆಂಬಲಿಸುತ್ತವೆ.

೩

ಕೈದಾಳದ ನೆರೆಯ ಗೂಳೂರಿನಲ್ಲಿ ಇದಕ್ಕಿಂತ ವಿಲಕ್ಷಣವಾದ ನಿದರ್ಶನವು ದೊರೆಯುತ್ತದೆ. ಕೈದಾಳದ ಕೆಲಸವು ಕಲ್ಲಿನದು, ಬಾಳಬೇಕೆಂದು ಮಾಡಿದ್ದು. ಗೂಳೂರಿನದು ಮಣ್ಣಿನದು, ಕರಗಲೆಂದೇ ಮಾಡುವುದು. ಇಲ್ಲಿ ಭಾದ್ರಪದದ ಚೌತಿಯಿಂದ ಮೊದಲುಮಾಡಿ ಕೆರೆಯ ಮಣ್ಣಿನಿಂದ ಮಹಾಗಣಪತಿಯ ದೊಡ್ಡ ಮೂರ್ತಿಯನ್ನು ರೂಪಿಸುವರು. ಬಲಿಪಾಡ್ಯಮಿಯಂದು ಪ್ರತಿಷ್ಠೆಯಾಗಿ, ಕಾರ್ತಿಕಮಾಸವೆಲ್ಲವೂ ಪೂಜೆ ನಡೆದು, ಅನಂತರ ಮೂರ್ತಿಯನ್ನು ಊರಿನ ಕೆರೆಯಲ್ಲಿಯೇ ವಿಸರ್ಜಿಸುವರು. ಈ ಕಾರ್ಯದಲ್ಲಿ ಊರಿನ ಹಲವು ಕುಲದವರು ಸೇರುವರು.

ಪ್ರತಿವರ್ಷವೂ ಕರಗಿಹೋಗುವ ಕೃತಿಯನ್ನು ಕಲಾಚರಿತ್ರೆಯು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಷ್ಟ. ತಿಥಿಯನ್ನು ನಿರ್ಣಯಿಸಲು ಹಳೆಯ ವಿಗ್ರಹವೇ ಇಲ್ಲ. ಆದರೆ ಉಳಿದಿರುವುದು ಏನೆಂಬುದನ್ನು ಯೋಚಿಸಬೇಕು. ಮಣ್ಣನ್ನು ಆರಿಸುವ, ಹದಮಾಡುವ, ಭಾರವು ಕುಸಿಯದಂತೆ ಒಳಗೆ ಆಧಾರಕೊಟ್ಟು ಮೇಲೇರಿಸುವ, ಬಿರುಕು ಬಿಡದಂತೆ ಒಣಗಿಸುವ ಕೌಶಲವು ಉಳಿದಿದೆ. ಮೂರ್ತಿಯು ಶಾಶ್ವತವಾಗಿದ್ದಿದ್ದರೆ ಒಂದು ತಲೆಮಾರಿನವರು ಮಾಡಿ ಮುಂದಿನವರು ಕೈಮುಗಿದು ನಿಲ್ಲುತ್ತಿದ್ದರು. ಕರಗುವುದರಿಂದಲೇ ಪ್ರತಿಯೊಂದು ತಲೆಮಾರೂ ಮಾಡುವುದನ್ನು ಕಲಿಯಬೇಕಾಯಿತು. ನಮ್ಮ ಹೆಂಗಸರು ಬೆಳಗಾದರೆ ಬಾಗಿಲಿನಲ್ಲಿ ಇಡುವ ರಂಗವಲ್ಲಿಯೂ ಇದೇ ಧರ್ಮವುಳ್ಳದ್ದು. ಹೊತ್ತು ಏರುವುದರೊಳಗೆ ಕಾಲಿನಡಿಯಲ್ಲಿ ಅಳಿಸಿಹೋಗುವುದಾದರೂ ನಾಳೆ ಮತ್ತೆ ಇಡಬಲ್ಲ ಬೆರಳು ಉಳಿಯುತ್ತದೆ.

ಇದೇ ಗೂಳೂರು ಗ್ರಂಥಚರಿತ್ರೆಯಲ್ಲಿಯೂ ಪ್ರಸಿದ್ಧವಾದುದು. ಶೂನ್ಯಸಂಪಾದನೆಯ ನಾಲ್ಕು ಪರಿಷ್ಕರಣಗಳಲ್ಲಿ ಕೊನೆಯದನ್ನು ರಚಿಸಿದವರು ಗೂಳೂರು ಸಿದ್ಧವೀರಣ್ಣೊಡೆಯರು. ಅವರು ಸೇರಿದ ಪರಂಪರೆಯ ಗುರುಗಳಾದ ತೋಂಟದ ಸಿದ್ಧಲಿಂಗ ಯತಿಗಳು ಕುಣಿಗಲು ಸೀಮೆಯ ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ, ಎಡೆಯೂರಿನಲ್ಲಿ ನೆಲೆಗೊಂಡವರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹಗ್ಗ ಹೊಸೆಯುವವರೂ, ದೋಣಿ ನಡೆಸುವವರೂ, ಸೌದೆ ಮಾರುವವರೂ ವಚನಕಾರರಾಗಿದ್ದರೆಂಬುದು ಸರ್ವವಿದಿತವಾದುದು. ಅವರು ತಮ್ಮ ಕಸುಬಿನ ಮಾತುಗಳನ್ನೇ ತತ್ತ್ವದ ಮಾತುಗಳನ್ನಾಗಿ ಮಾಡಿಕೊಂಡರು. ಸಂಪಾದನಕಾರರು ಚದರಿದ್ದ ಆ ವಚನಗಳನ್ನು ಸಂವಾದರೂಪದಲ್ಲಿ ಜೋಡಿಸಿ, ದುಡಿಯುವವರ ಮಾತಿಗೆ ಸಭೆಯನ್ನು ಕಲ್ಪಿಸಿಕೊಟ್ಟರು. ಒಂದು ವಚನವನ್ನೂ ತಾವಾಗಿ ಕಲ್ಪಿಸದಿದ್ದರೂ, ಯಾವುದರ ಮುಂದೆ ಯಾವುದು ಬಂದರೆ ಅರ್ಥವು ಬೆಳಗುವುದೆಂಬ ವಿವೇಕವೂ ಪ್ರತಿಭೆಯೇ ಆಗಿರುತ್ತದೆ.

೪

ದಾರಿಯು ಮುಂದೆ ಕುಣಿಗಲಿಗೆ ಹೋಗುತ್ತದೆ. ಶಿಂಷಾನದಿಯನ್ನು ಸೇರುವ ನಾಗಿನಿ ಹೊಳೆಯ ನೀರಿನಿಂದ ತುಂಬುವ ಕುಣಿಗಲಿನ ದೊಡ್ಡಕೆರೆಯು ಜನಪದಗೀತದ ಮೂಲಕ ಕನ್ನಡನಾಡಿನಲ್ಲೆಲ್ಲ ಹೆಸರಾಗಿದೆ. ಈ ಕೆರೆಯ ಚೆಲುವನ್ನು ಹಾಡುವ ಆ ಹಾಡಿಗೆ ಕರ್ತೃವಿಲ್ಲ. ಆದರೂ ನಗರದ ಸಭೆಗಳಲ್ಲಿಯೂ ಇಂದಿಗೂ ಅದನ್ನು ಹಾಡುವರು.

ಮೊದಲು ಕೆರೆಯನ್ನೇ ನೋಡೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯವರು, ಈ ನಾಡಿನಲ್ಲಿ ನೀರನ್ನು ಕೂಡಿಡುವ ಪದ್ಧತಿಯು ಎಷ್ಟು ವ್ಯಾಪಕವಾಗಿದೆಯೆಂದರೆ ಹೊಸದೊಂದು ಕೆರೆಗೆ ಜಾಗವನ್ನು ಕಂಡುಹಿಡಿಯುವುದಕ್ಕೇ ಚಾತುರ್ಯವು ಬೇಕಾದೀತೆಂಬರ್ಥದ ಮಾತನ್ನು ಹೇಳಿರುವರು. ಒಂದು ಕೆರೆಯ ಕೋಡಿಯ ನೀರು ಕೆಳಗಣ ಕೆರೆಗೆ, ಅದರದು ಇನ್ನೊಂದಕ್ಕೆ ಹರಿಯುವಂತೆ ಇಳಿಜಾರನ್ನು ಅರಿತು ಕಟ್ಟಿದ ಈ ಸಾಲುಗಳಿಗೆ ನಕ್ಷೆ ಬರೆದವರ ಹೆಸರುಗಳು ಉಳಿದಿಲ್ಲ. ಶಾಸನಗಳಲ್ಲಿ ಕಟ್ಟುಕೊಡಗೆ, ಬಿತ್ತುವಟ್ಟ ಎಂದು ಕೆರೆಗಾಗಿ ಬಿಟ್ಟ ಭೂಮಿಯ ಲೆಕ್ಕವಿರುತ್ತದೆ, ದಾನಿಯ ಹೆಸರಿರುತ್ತದೆ. ತೂಬಿನ ಬಾಯಿಗೆ ಬೆಣೆಯನ್ನಿಟ್ಟು, ಅದನ್ನು ಮೇಲಕ್ಕೆತ್ತಿದ ಅಳತೆಗೆ ತಕ್ಕಂತೆ ನೀರನ್ನು ಬಿಟ್ಟು, ಗದ್ದೆಗದ್ದೆಗೂ ಸರದಿಯನ್ನು ಗೊತ್ತುಮಾಡುತ್ತಿದ್ದ ನೀರುಗಂಟಿಯ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಮಳೆ ಕಡಮೆಯಾದ ವರ್ಷದಲ್ಲಿ ಯಾರ ಪೈರನ್ನು ಹೇಗೆ ಉಳಿಸಬೇಕೆಂಬುದಕ್ಕೆ ಅವನು ಪ್ರತಿಸಲವೂ ಹೊಸ ಉಪಾಯವನ್ನು ಕಾಣಬೇಕಾಗಿತ್ತು. ಒಂದು ಮಳೆಗಾಲದಂತೆ ಇನ್ನೊಂದು ಮಳೆಗಾಲವಿರುವುದಿಲ್ಲವಷ್ಟೆ. ಅಂದಮೇಲೆ ಕೆರೆಯ ಆಡಳಿತವನ್ನು ಬರಿಯ ರೂಢಿಯೆಂದು ಕರೆಯುವುದು ಹೇಗೆ?

ಇನ್ನು ಹಾಡು. ಜನಪದಗೀತಗಳನ್ನು ಸಂಗ್ರಹಿಸುವ ಕಾರ್ಯವು ಹತ್ತೊಂಬತ್ತನೆಯ ಶತಮಾನದಲ್ಲಿ ಪಾಶ್ಚಾತ್ಯರಿಂದ ಮೊದಲಾಗಿ, ೧೯೩೧ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಪ್ರಕಟಿಸಿದಾಗ ನಮ್ಮ ವಿದ್ವಾಂಸರ ಲಕ್ಷ್ಯವನ್ನು ವಿಶೇಷವಾಗಿ ಸೆಳೆಯಿತು. ಆ ಸಂಗ್ರಹವು ಬಿಜಾಪುರದ ಕಡೆಯದಾದರೂ, ಬೀಸುವ ಕಲ್ಲಿನ ಮುಂದೆ ತ್ರಿಪದಿಯನ್ನು ಹಾಡುವ ಸಂಪ್ರದಾಯವು ತುಮಕೂರು ಸೀಮೆಗೂ ಸಮಾನವಾದುದು. ಇಬ್ಬರು ಹೆಂಗಸರು ಎದುರುಬದುರು ಕುಳಿತು ಗೂಟವನ್ನು ಹಿಡಿದು ತಿರುಗಿಸುವಾಗ ಕಲ್ಲಿನ ಸುತ್ತಿಗೂ ಪದದ ನಡೆಗೂ ಹೊಂದಿಕೆಯುಂಟಾಗುತ್ತದೆ. ಒಬ್ಬಳು ಎತ್ತಿಕೊಂಡುದನ್ನು ಇನ್ನೊಬ್ಬಳು ಮುಂದುವರಿಸುವಳು. ತವರಿನ ನೆನಪು, ಅಣ್ಣನ ಬರವು, ಅತ್ತೆಯ ಮನೆಯ ಕಷ್ಟ, ಊರಿನ ಕೆರೆ, ಮಳೆ ಇವೆಲ್ಲವೂ ಆ ಮೂರು ಸಾಲುಗಳ ಅಚ್ಚಿಗೆ ಬೀಳುವುವು. ಅಚ್ಚು ಹಳೆಯದು, ಅಂದಂದಿನ ದುಃಖವೂ ಸಂತೋಷವೂ ಹೊಸವು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸುವುದು ಅವಶ್ಯಕ. ಬೆಳಗಿನ ಝಾವಕ್ಕೆ ಎದ್ದು ಸಂಸಾರಕ್ಕೆಲ್ಲ ಆಗುವಷ್ಟು ರಾಗಿಯನ್ನು ಬೀಸಬೇಕಾಗಿದ್ದ ಹೆಂಗಸಿನ ಬಾಳನ್ನು, ಅವಳು ಹಾಡುತ್ತಿದ್ದಳೆಂಬ ಕಾರಣದಿಂದ ಸುಖದ ಬಾಳೆಂದು ವರ್ಣಿಸುವುದು ನ್ಯಾಯವೇ? ಖಂಡಿತವಾಗಿಯೂ ಅಲ್ಲ. ಹಿಟ್ಟಿನ ಗಿರಣಿಯು ಬಂದು ತೋಳುಗಳಿಗೆ ಬಿಡುವು ದೊರೆತುದು ಶ್ರೇಯಸ್ಸೇ ಸರಿ. ಹಾಡಿಗಾಗಿ ಬೀಸುವ ಕಲ್ಲು ಮರಳಿ ಬರಲೆಂದು ಹಾರೈಸುವವರು ತಾವು ಬೀಸಿದವರಲ್ಲ. ಆದರೆ ಕಷ್ಟವು ಹಾಡನ್ನು ಹುಟ್ಟಿಸಿತೆನ್ನುವುದಕ್ಕಿಂತ, ಕಷ್ಟದ ನಡುವೆಯೂ ಆ ಹೆಂಗಸು ತನ್ನ ಮನಸ್ಸನ್ನು ಕಲ್ಲಿಗೆ ಒಪ್ಪಿಸಿಕೊಡಲಿಲ್ಲವೆನ್ನುವುದೇ ಯುಕ್ತವಾದುದು. ಮನೆಯವರೆದುರಿಗೆ ಹೇಳಲಾಗದ ಮಾತನ್ನು ಪದದಲ್ಲಿ ಹೇಳುವ ಹಕ್ಕನ್ನು ಅವಳು ತಾನೇ ನಿರ್ಮಿಸಿಕೊಂಡಳು. ನಿತ್ಯಜೀವನದಲ್ಲಿ ಪ್ರತಿಭೆಯ ಬೆಲೆಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಮಾಣವು ಬೇರೆ ಬೇಕಿಲ್ಲ.

೫

ಕಡೆಯ ನಿದರ್ಶನವು ಗುಬ್ಬಿಯದು. ಇದುವರೆಗೆ ಕಂಡುದರಲ್ಲಿ ನಿತ್ಯದ ಕಸುಬೇ ಕಲೆಗೆ ಎಡೆಮಾಡಿಕೊಟ್ಟಿತು. ಗುಬ್ಬಿಯಲ್ಲಿ ಕಲೆಯೇ ನೂರಾರು ಜನರ ನಿತ್ಯದ ಕಸುಬಾಯಿತು. ಗುಬ್ಬಿಯು ಹಿಂದಿನಿಂದಲೂ ವ್ಯಾಪಾರದ ಊರು. ೧೮೦೦ರಲ್ಲಿ ಈ ಮಾರ್ಗವಾಗಿ ಸಂಚರಿಸಿದ ಬುಕಾನನರು ಅದರ ಸಂತೆಯನ್ನು ಗಮನಿಸಿರುವರು. ಅದು ವಿದ್ಯೆಗೂ ಎರವಾದ ಊರಲ್ಲ. ೧೫೧೩ರಲ್ಲಿ ‘ಭಾವಚಿಂತಾರತ್ನ’ವನ್ನೂ ೧೫೩೦ರಲ್ಲಿ ‘ವೀರಶೈವಾಮೃತ ಪುರಾಣ’ವನ್ನೂ ರಚಿಸಿದ ಮಲ್ಲಣಾರ್ಯನು ಗುಬ್ಬಿಯವನು. ನಾನಾ ಕಡೆಯ ಜನರು ಸೇರುವ ಈ ಊರಿನಲ್ಲಿ ೧೮೮೪ರಲ್ಲಿ ಊರದೇವರ ಹೆಸರನ್ನು ಹೊತ್ತ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಸ್ಥಾಪಿತವಾಯಿತು. ಚಂದಣ್ಣನವರೂ ಅಬ್ದುಲ್ ಅಜೀಜ್ ಸಾಹೇಬರೂ ಅದರ ಸ್ಥಾಪಕರಲ್ಲಿ ಮುಖ್ಯರು. ದೇವರ ಹೆಸರಿನ ಸಂಘಕ್ಕೆ ಹಿಂದೂಗಳೂ ಮುಸಲ್ಮಾನರೂ ಕೂಡಿ ಅಡಿಗಲ್ಲನ್ನಿಟ್ಟುದು ಸಂತೆಯೂರಿನ ಸಹಜಧರ್ಮವನ್ನು ತೋರಿಸುತ್ತದೆ.

ಗುಬ್ಬಿ ತಾಲ್ಲೂಕಿನ ಗುಳಗಂಜಿಹಳ್ಳಿಯಲ್ಲಿ ೧೮೯೧ರಲ್ಲಿ ಜನಿಸಿದ ವೀರಣ್ಣನವರು ಬಾಲ್ಯದಲ್ಲಿಯೇ ಈ ಸಂಘವನ್ನು ಸೇರಿ, ೧೯೧೭ರಲ್ಲಿ ಅದರ ಒಡೆಯರಾದರು. ‘ಸದಾರಮೆ’ಯಲ್ಲಿ ಅವರು ಮಾಡುತ್ತಿದ್ದ ಕಳ್ಳನ ಪಾತ್ರವು ನಾಡಿನಲ್ಲೆಲ್ಲ ಪ್ರಸಿದ್ಧವಾಯಿತು. ಈ ನಾಟಕದ ಕರ್ತೃಗಳಾದ ಬೆಳ್ಳಾವೆ ನರಹರಿಶಾಸ್ತ್ರಿಗಳ ಬೆಳ್ಳಾವೆಯೂ ತುಮಕೂರಿಗೆ ಸೇರಿದುದೇ. ಸ್ತ್ರೀಪಾತ್ರಗಳಿಗೆ ಸ್ತ್ರೀಯರನ್ನೇ ರಂಗಕ್ಕೆ ತಂದುದು, ೧೯೩೪ರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳನ್ನು ಬಳಸಿದುದು, ಅನಂತರ ಚಲನಚಿತ್ರಕ್ಕೆ ಕೈಹಾಕಿದುದು, ಇವೆಲ್ಲವೂ ಅವರ ಚರಿತ್ರೆಯಲ್ಲಿ ಬರೆದಿರುವ ಸಂಗತಿಗಳು. ಬಿ. ಜಯಮ್ಮನವರು ಮೊದಲಾದ ನಟಿಯರು ಇಲ್ಲಿ ಕೀರ್ತಿಗೆ ಬಂದರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೂ ಅವರ ಮಗ ರಾಜಕುಮಾರರೂ ಇಲ್ಲಿಯೇ ಪಳಗಿದರು, ಬಿ. ವಿ. ಕಾರಂತರು ಬಾಲಕರಾಗಿ ಇಲ್ಲಿಗೆ ಬಂದವರು.

ಆದರೆ ಕೈದಾಳದಲ್ಲಿ ಜನರು ಮಾಡಿದುದನ್ನೇ ಗುಬ್ಬಿಯಲ್ಲಿ ನಾವು ಮತ್ತೆ ಮಾಡಬಾರದು. ಎಲ್ಲವನ್ನೂ ಒಬ್ಬರ ಹೆಸರಿಗೆ ಬರೆದಿಡಬಾರದು. ನಾಟಕದ ಕಂಪೆನಿಯೆಂಬುದು ಊರಿಂದೂರಿಗೆ ಹೋಗುವ ಒಂದು ಊರೇ ಆಗಿತ್ತು. ಪರದೆಗಳನ್ನು ಬರೆಯುವ ಚಿತ್ರಗಾರ, ಅರಮನೆಯನ್ನೂ ಅಡವಿಯನ್ನೂ ಗಳಿಗೆಯಲ್ಲಿ ಮಾರ್ಪಡಿಸಬೇಕಾದ ಬಡಗಿ, ಹಳೆಯ ಜರಿಯನ್ನು ಹೊಸ ಕಿರೀಟಕ್ಕೆ ಹೊಂದಿಸುವ ದರ್ಜಿ, ದೀಪದವನು, ಹಾರ್ಮೋನಿಯಮ್ಮಿನವನು, ಅಷ್ಟು ಜನಕ್ಕೂ ಅಟ್ಟು ಬಡಿಸುವವನು, ಇವರೆಲ್ಲರೂ ಸೇರದೆ ಒಂದು ದಿನದ ಆಟವೂ ನಡೆಯುತ್ತಿರಲಿಲ್ಲ. ಪ್ರತಿಯೊಂದು ಊರಿನಲ್ಲಿಯೂ ರಂಗದ ಅಳತೆ ಬೇರೆ, ಗಾಳಿಮಳೆ ಬೇರೆ, ಪ್ರೇಕ್ಷಕರು ಬೇರೆ. ಬರೆದ ಮಾತು ಒಂದೇ ಆದರೂ, ಹಾಸ್ಯಪಾತ್ರಧಾರಿಯು ಆ ಊರಿನ ಅಂದಿನ ಸಮಾಚಾರವನ್ನು ಸೇರಿಸಿ ಮಾತನ್ನು ಹೊಸದುಮಾಡಬೇಕಾಗಿತ್ತು. ಗೂಳೂರಿನ ಮಣ್ಣಿನ ಮೂರ್ತಿಯಂತೆ ಆಟವೂ ಬೆಳಗಾಗುವ ಹೊತ್ತಿಗೆ ಕರಗುವುದು. ಮರುದಿನ ಮತ್ತೆ ಕಟ್ಟಬೇಕು.

ಕಂಪೆನಿ ನಾಟಕಗಳಲ್ಲಿ ಅಬ್ಬರವೇ ಹೆಚ್ಚು, ರಸವು ಕಡಮೆಯೆಂದು ನಮ್ಮ ವಿದ್ಯಾವಂತರು ಅನೇಕರು ಹಳಿದಿರುವರು, ಟಿ. ಪಿ. ಕೈಲಾಸಂ ಅವರು ಅವುಗಳ ರೀತಿಯನ್ನು ಹಾಸ್ಯಮಾಡಿರುವರು. ಆ ಟೀಕೆಯಲ್ಲಿ ಸತ್ಯಾಂಶವುಂಟು. ನಾಟಕಸಾಹಿತ್ಯದ ತಕ್ಕಡಿಯಲ್ಲಿ ತೂಗಿದರೆ ಈ ನಾಟಕಗಳಲ್ಲಿ ಅನೇಕವು ಹಗುರವೆಂದು ತೋರಬಹುದು. ಆದರೆ ನಮ್ಮ ಪ್ರಶ್ನೆಗೆ ತಕ್ಕಡಿಯು ಬೇರೆ. ಓದುಬರಹವಿಲ್ಲದ ಹುಡುಗನಿಗೆ ರಾಗವನ್ನೂ ಮಾತಿನ ಸ್ಪಷ್ಟತೆಯನ್ನೂ ಶಿಸ್ತನ್ನೂ ಕೊಟ್ಟು, ಅವನಿಗೆ ಅನ್ನವನ್ನೂ ಮರ್ಯಾದೆಯನ್ನೂ ದೊರಕಿಸಿದ ಸಂಸ್ಥೆಯಿದು. ವೀರಣ್ಣನವರು ತಮ್ಮ ಆತ್ಮಕಥೆಗೆ ‘ಕಲೆಯೇ ಕಾಯಕ’ ಎಂದು ಹೆಸರಿಟ್ಟರು. ಶರಣರು ಕಾಯಕವನ್ನು ಪೂಜೆಯ ಮಟ್ಟಕ್ಕೇರಿಸಿದರೆ, ಗುಬ್ಬಿಯವರು ಕಲೆಯನ್ನು ಕಾಯಕದ ಸಾಲಿಗೆ ತಂದರು. ಕಲೆಯನ್ನು ದುಡಿಮೆಯೊಂದಿಗೆ ಎಣಿಸುವುದರಿಂದ ಅದಕ್ಕೆ ಕುಂದಾಗಲಿಲ್ಲ. ದುಡಿಮೆಗೆ ಮಾತ್ರ ಗೌರವವು ಬಂದಿತು.

೬

ಮೇಲಣ ನಿದರ್ಶನಗಳಿಂದ ಮೂರು ಸಂಗತಿಗಳು ತೋರಿಬರುತ್ತವೆ. ನಿತ್ಯಜೀವನದ ಪ್ರತಿಭೆಯು ರೂಢಿಗೆ ವಿರೋಧಿಯಾದುದಲ್ಲ. ರೂಢಿಯ ಅಚ್ಚಿನೊಳಗೆ ಅಂದಂದಿನ ಅಗತ್ಯಕ್ಕೆ ತಕ್ಕ ಹೊಸತನ್ನು ಕಾಣುವುದೇ ಅದರ ಲಕ್ಷಣ. ಎರಡನೆಯದಾಗಿ, ಅದು ಕೂಟದ ಆಸ್ತಿ. ಮನೆತನ, ಊರು, ಸಂಘ ಇವುಗಳಲ್ಲಿ ಒಬ್ಬರಿಂದೊಬ್ಬರಿಗೆ ಕೈದಾಟಿ ಬರುವಂಥದು. ಮೂರನೆಯದಾಗಿ, ಅದರ ಫಲವು ವಸ್ತುವಿನಲ್ಲಿರುವುದಕ್ಕಿಂತ ಮಾಡುವವನಲ್ಲಿ ಹೆಚ್ಚಾಗಿ ನಿಲ್ಲುವುದು. ವಿಗ್ರಹವು ಕರಗುತ್ತದೆ, ಹಾಡು ನಿಲ್ಲುತ್ತದೆ, ಪರದೆಯು ಬೀಳುತ್ತದೆ. ಮಾಡಿದವನು ಮಾತ್ರ ತನ್ನ ದುಡಿಮೆಯ ಆಳಾಗಿರದೆ ಅದರ ಒಡೆಯನಾಗುತ್ತಾನೆ.

ಈ ಮೂರನೆಯ ಸಂಗತಿಯೇ ಚರಿತ್ರಕಾರನಿಗೆ ಹೆಚ್ಚಿನ ತೊಡಕನ್ನೊಡ್ಡುವುದು. ಮಾಡುವವನಲ್ಲಿ ನಿಂತ ವಿದ್ಯೆಯು ಅವನೊಡನೆಯೇ ಹೋಗುತ್ತದೆ. ಕಲ್ಲಿನ ಶಾಸನವು ೧೧೫೦ರಿಂದ ಇಂದಿನವರೆಗೆ ಕಾದುಕೊಂಡಿತ್ತು. ನೀರುಗಂಟಿಯ ನೆನಪು ಹಾಗೆ ಕಾಯುವುದಿಲ್ಲ. ಕೊಳವೆಬಾವಿಗಳು ಬಂದಮೇಲೆ ತೂಬಿನ ಸರದಿಯನ್ನು ಬಲ್ಲವರು ಕಡಮೆಯಾಗಿರುವರು; ಬೀಸುವ ಪದವನ್ನು ಕಲ್ಲಿನ ಮುಂದೆ ಕಲಿತವರು ವೃದ್ಧರಾಗಿರುವರು; ವೃತ್ತಿನಾಟಕಮಂಡಲಿಗಳ ಸಂಚಾರವು ವಿರಳವಾಗಿದೆ. ಆದುದರಿಂದ ಹಾಡುಗಳನ್ನು ವಸ್ತುವಿಗನುಸಾರವಾಗಿ ಮಾತ್ರ ವಿಂಗಡಿಸದೆ, ಯಾವ ಕೆಲಸದಲ್ಲಿ ಯಾರು ಯಾರೊಡನೆ ಹಾಡುತ್ತಿದ್ದರೆಂಬುದನ್ನೂ ಬರೆದಿಡಬೇಕು. ಕೆರೆಯ ತೂಬು, ಕಾಲುವೆ, ಸರದಿಗಳಿಗೆ ಊರೂರಿನಲ್ಲಿ ಇದ್ದ ಮಾತುಗಳನ್ನು ಸಂಗ್ರಹಿಸಬೇಕು. ನಾಟಕಮಂಡಲಿಗಳ ಚರಿತ್ರೆಯಲ್ಲಿ ನಟರ ಪಟ್ಟಿಯ ಕೆಳಗೆ ಬಡಗಿ, ದರ್ಜಿ, ಚಿತ್ರಗಾರರ ಹೆಸರುಗಳಿಗೂ ಎಡೆಯಿರಬೇಕು. ಬೇಲೂರಿನ ಶಿಲ್ಪಿಗಳು ತಮ್ಮ ಹೆಸರನ್ನು ತಾವೇ ಕಲ್ಲಿನಲ್ಲಿ ಕೆತ್ತಿಕೊಂಡರು. ಕೆತ್ತಿಕೊಳ್ಳಲು ಕಲ್ಲಿಲ್ಲದವರ ಹೆಸರನ್ನು ಬರೆದಿಡುವ ಭಾರವು ಇತಿಹಾಸದ ಅಭ್ಯಾಸಿಗಳ ಮೇಲಿದೆ.